ಸಮುದ್ರ ಆಮೇಲೆ, ಮೊದಲು ದೋಣಿ ನೋಡಿ

ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಮುಳುಗುವ ಸ್ಕೂಬಾ ಕಲಿಯಲು ಹೊರಟವರಿಗೆ, ಅವರನ್ನು ಕಳಿಸುವ ಅಪ್ಪ-ಅಮ್ಮಂದಿರಿಗೆ, ಮತ್ತು ನಮ್ಮ ಕರಾವಳಿಯಲ್ಲಿ ಇದಕ್ಕೆ ಅನುಮತಿ ಕೊಡುವ ಅಧಿಕಾರಿಗಳಿಗೆ,

ನಮಸ್ಕಾರ.

ಮಳೆಗಾಲ ಮುಗಿದು ಅಕ್ಟೋಬರ್ ಬಂತೆಂದರೆ ಬೆಂಗಳೂರಿನ ಆಫೀಸುಗಳಲ್ಲಿ ಮಾತು ಶುರುವಾಗುತ್ತದೆ. ಈ ಸಲ ಸ್ಕೂಬಾ ಮಾಡಲೇಬೇಕು. ಕೆಲವರು ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಒಂದು ಮುಳುಗು ಹಾಕಿ ಬರುತ್ತಾರೆ. ಪೂರ್ತಿ ಕೋರ್ಸ್ ಮಾಡುವ ಆಸೆ ಇರುವವರು ಅಂಡಮಾನಿಗೆ ಹೋಗುತ್ತಾರೆ, ಥಾಯ್ಲೆಂಡಿಗೆ ಹೋಗುತ್ತಾರೆ. ಸಿಂಗಪುರದಲ್ಲಿ ಕೆಲಸಕ್ಕಿರುವ ನಮ್ಮವರಿಗಂತೂ ಮಲೇಷ್ಯಾದ ಪೂರ್ವ ಕರಾವಳಿ ವಾರಾಂತ್ಯದಲ್ಲಿ ಹೋಗಿ ಬರುವಷ್ಟು ಹತ್ತಿರ.

ನಾನು ಹವ್ಯಾಸಕ್ಕೆ ಡೈವ್ ಮಾಡುವವನು. ಹಾಗಾಗಿ ಹೊರಡುವ ಮೊದಲು ಒಂದಿಷ್ಟು ಜನ ಫೋನ್ ಮಾಡುತ್ತಾರೆ. ಎಷ್ಟು ದುಡ್ಡಾಗುತ್ತದೆ? ಈಜು ಬರಲೇಬೇಕಾ? ಶಾರ್ಕ್ ಇರುತ್ತಾ? ವಿಡಿಯೊ ಅವರೇ ಮಾಡಿಕೊಡ್ತಾರಾ? ಎಲ್ಲ ಸರಿಯಾದ ಪ್ರಶ್ನೆಗಳೇ. ಆದರೆ ದೋಣಿ ಓಡಿಸುವವನು ಯಾರು, ನಾವು ಕೆಳಗಿರುವಾಗ ಅವನು ಮೇಲೆ ಏನು ಮಾಡುತ್ತಿರುತ್ತಾನೆ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ಆ ಒಂದು ಪ್ರಶ್ನೆಯನ್ನು ನಿಮ್ಮ ಬಾಯಲ್ಲಿ ಹಾಕುವುದಕ್ಕೇ ಈ ಪತ್ರ.

ಮಲೇಷ್ಯಾದ ಮರ್ಸಿಂಗ್ ಹತ್ತಿರ ನಡೆದದ್ದನ್ನು ಮೊದಲು ಹೇಳುತ್ತೇನೆ. ಆಗ ಸುದ್ದಿಯಾಗಿತ್ತು, ಆಮೇಲೆ ಎಲ್ಲರೂ ಮರೆತರು.

2022ರ ಏಪ್ರಿಲ್ 1ಕ್ಕೆ ಮಲೇಷ್ಯಾ ತನ್ನ ಗಡಿಯನ್ನು ಪ್ರವಾಸಿಗರಿಗೆ ಮತ್ತೆ ತೆರೆಯಿತು. ಕೊರೊನಾದಿಂದ ಎರಡು ವರ್ಷ ಬಾಗಿಲು ಹಾಕಿದ್ದ ಡೈವ್ ಅಂಗಡಿಗಳು, ದಡಕ್ಕೆ ಕಟ್ಟಿದ್ದ ದೋಣಿಗಳು ಮತ್ತೆ ಓಡಾಡತೊಡಗಿದವು. ಅದಾದ ಐದೇ ದಿನಕ್ಕೆ, ಏಪ್ರಿಲ್ 6ರಂದು, ಮರ್ಸಿಂಗ್‌ನಿಂದ ಸುಮಾರು 15 ಕಿಲೋಮೀಟರ್ ದೂರದ ತೊಕೊಂಗ್ ಸಂಗೋಲ್ ಎಂಬ ಪುಟ್ಟ ದ್ವೀಪದ ಬಳಿ ನಾಲ್ವರು ನೀರಿಗಿಳಿದರು. ನಾರ್ವೆಯ 35 ವರ್ಷದ ಇನ್‌ಸ್ಟ್ರಕ್ಟರ್ ಒಬ್ಬರು. ಅವರ ಬಳಿ ಕಲಿಯುತ್ತಿದ್ದವರು ಮೂವರು: ಫ್ರಾನ್ಸಿನ 18 ವರ್ಷದ ಹುಡುಗಿ, ಬ್ರಿಟನ್ನಿನ 46 ವರ್ಷದ ಅಪ್ಪ, ಅವನ 14 ವರ್ಷದ ಮಗ. ಅಡ್ವಾನ್ಸ್‌ಡ್ ಹಂತದ ತರಬೇತಿ. ಆಳ ಹದಿನೈದು ಮೀಟರ್ ಆಸುಪಾಸು. ಅಂಥ ಸಾಹಸವೇನೂ ಅಲ್ಲ, ಮಾಮೂಲಿ ಪಾಠ.

ಪಾಠ ಮುಗಿಸಿ ಮೇಲೆ ಬಂದಾಗ ದೋಣಿ ಇಲ್ಲ.

ನಾಲ್ವರೂ ಸೆಳೆತದಲ್ಲಿ ತೇಲುತ್ತಾ ಹೋದರು. ನಡುವೆ ಇನ್‌ಸ್ಟ್ರಕ್ಟರ್ ಉಳಿದ ಮೂವರಿಂದ ಬೇರೆಯಾದರು. ಮರುದಿನ ಬೆಳಿಗ್ಗೆ ಒಂದು ಟಗ್ ಬೋಟ್‌ನವರು ಆ ಇನ್‌ಸ್ಟ್ರಕ್ಟರನ್ನು ನೋಡಿ ಎತ್ತಿಕೊಂಡರು. ಅಪ್ಪ ಮತ್ತು ಫ್ರೆಂಚ್ ಹುಡುಗಿ ಸಿಕ್ಕಿದ್ದು ಏಪ್ರಿಲ್ 8ರ ನಡುರಾತ್ರಿ ಕಳೆದು 9 ಶುರುವಾದ ಮೇಲೆ, ನೀರಿಗಿಳಿದ ಜಾಗದಿಂದ ಸುಮಾರು 130 ಕಿಲೋಮೀಟರ್ ದಕ್ಷಿಣದಲ್ಲಿ. ಅವರನ್ನು ಕಂಡವರು ಮೀನುಗಾರರು. ಹುಡುಗ ಇರಲಿಲ್ಲ. ಬಲ ಕುಂದಿ ಅವನು ನೀರಿನಲ್ಲೇ ತೀರಿಕೊಂಡ ಅಂತ ಅಪ್ಪನೇ ಹೇಳಬೇಕಾಯಿತು.

ದೋಣಿ ಓಡಿಸಿದವನನ್ನು ಪೊಲೀಸರು ಹಿಡಿದರು. ಮಾದಕ ವಸ್ತುವಿನ ಪರೀಕ್ಷೆಯಲ್ಲಿ ಅವನದ್ದು ಪಾಸಿಟಿವ್ ಬಂತು. ಮರ್ಸಿಂಗ್ ಕಡೆಯ ಡೈವಿಂಗನ್ನು ಸ್ವಲ್ಪ ಕಾಲ ನಿಲ್ಲಿಸಿದರು.

ಈ ಸುದ್ದಿ ಓದಿದಾಗ ಜನ ಹೇಳಿದ್ದು ಒಂದೇ: ಸಮುದ್ರ ಅಂದ್ರೆ ಹಾಗೇ, ಅದನ್ನು ನಂಬಬಾರದು. ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಯಾಕೆ ಅಂತ ಹೇಳಲು ಒಂದು ಸಣ್ಣ ಲೆಕ್ಕ ಮಾಡೋಣ.

ಏಪ್ರಿಲ್ 6ರ ಮಧ್ಯಾಹ್ನದಿಂದ 9ರ ನಸುಕಿನ ಒಂದು ಗಂಟೆವರೆಗೆ ಹೆಚ್ಚುಕಡಿಮೆ 60 ಗಂಟೆ. ಹೋದ ದೂರ 130 ಕಿಲೋಮೀಟರ್. ನೇರ ಗೆರೆ ಎಳೆದು ಭಾಗಿಸಿದರೆ ಗಂಟೆಗೆ ಎರಡು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಅಷ್ಟೇ. ನಾವು ಲಾಲ್‌ಬಾಗಿನಲ್ಲಿ ಬೆಳಗಿನ ವಾಕಿಂಗ್ ಹೋಗುವ ವೇಗದ ಅರ್ಧ. ಸಿನಿಮಾದಲ್ಲಿ ತೋರಿಸುವಂತೆ ಯಾವ ಸುಳಿಯೂ ಅವರನ್ನು ಎಳೆದುಕೊಂಡು ಹೋಗಲಿಲ್ಲ. ನೀರು ನಿಧಾನಕ್ಕೇ ಹೋಯಿತು. ಆದರೆ ಹೋಗುತ್ತಲೇ ಇತ್ತು.

ಕಾಲಿಗೆ ಫಿನ್ (ಈಜುರೆಕ್ಕೆ) ಹಾಕಿಕೊಂಡ ಸಾಮಾನ್ಯ ಡೈವರ್ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಆ ವೇಗದ ಸೆಳೆತಕ್ಕೆ ಎದುರಾಗಿ ಕೆಲವು ನಿಮಿಷ ಈಜಬಹುದು. ಆಮೇಲೆ ಏದುಸಿರು ಬರುತ್ತದೆ, ಗಾಳಿ ಬೇಗ ಖಾಲಿಯಾಗುತ್ತದೆ, ಕಾಲು ಹಿಡಿದುಕೊಳ್ಳುತ್ತದೆ. ಹಾಗಾಗಿ ಇಂಥ ಕಡೆ ಯಾರೂ ಸೆಳೆತದ ಜೊತೆ ಕುಸ್ತಿ ಆಡುವುದಿಲ್ಲ. ಅದು ಕರೆದುಕೊಂಡು ಹೋದ ಕಡೆ ಹೋಗುತ್ತಾರೆ, ದೋಣಿ ಹಿಂದೆಯೇ ಬರುತ್ತದೆ. ಡ್ರಿಫ್ಟ್ ಡೈವ್ ಎನ್ನುವುದು ಇದನ್ನೇ. ಚೆನ್ನಾಗಿಯೇ ಇರುತ್ತದೆ. ಕೈಕಾಲು ಆಡಿಸದೆ ಹವಳದ ಮೇಲೆ ಹಾರಿಕೊಂಡು ಹೋದ ಹಾಗೆ ಅನಿಸುತ್ತದೆ. ಆದರೆ ದೋಣಿ ಹಿಂದೆ ಬರುತ್ತಿದ್ದರೆ ಮಾತ್ರ ಅದು ಡೈವ್. ಬರದಿದ್ದರೆ ಅದಕ್ಕೆ ನಾಪತ್ತೆ ಅನ್ನುತ್ತಾರೆ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಗಂಟೆಗೆ ಎರಡು ಕಿಲೋಮೀಟರ್ ಸೆಳೆತ ಇದೆ, ಯಾವ ದಿಕ್ಕಿಗೆ ಹೋದರೋ ಗೊತ್ತಿಲ್ಲ ಅಂದುಕೊಳ್ಳಿ. ಒಂದು ಗಂಟೆಯ ಮೇಲೆ ಹುಡುಕಲು ಹೊರಟರೆ ಸುಮಾರು 12 ಚದರ ಕಿಲೋಮೀಟರ್ ನೀರು ಜಾಲಾಡಬೇಕು. ಎರಡು ಗಂಟೆ ತಡವಾದರೆ 50. ಮೂರು ಗಂಟೆಗೆ 110 ದಾಟುತ್ತದೆ. ತಡ ಮೂರು ಪಟ್ಟಾದರೆ ಹುಡುಕುವ ಜಾಗ ಒಂಬತ್ತು ಪಟ್ಟಾಗುತ್ತದೆ. ಹೆಲಿಕಾಪ್ಟರ್, ಹಡಗು ಎಲ್ಲ ಬರುವ ಹೊತ್ತಿಗೆ ಆಟ ಹೆಚ್ಚುಕಡಿಮೆ ಕೈತಪ್ಪಿರುತ್ತದೆ. ಅವರನ್ನು ಸುಲಭವಾಗಿ ಹುಡುಕಬಹುದಾದವನು ಒಬ್ಬನೇ. ಮೊದಲ ಹತ್ತು ನಿಮಿಷ ಅಲ್ಲೇ ಇರುವ ದೋಣಿಯವನು.

ಅವನಿಗಾದರೂ ಏನು ಕಾಣುತ್ತದೆ? ನೀರಿನ ಮೇಲೆ ಡೈವರ್ ಅಂದರೆ ತೇಲುವ ಒಂದು ತೆಂಗಿನಕಾಯಿ. ಮೈ ಪೂರ್ತಿ ಕೆಳಗೆ, ಮೇಲೆ ತಲೆ ಮಾತ್ರ. ಅದಕ್ಕೂ ಕಪ್ಪು ಬಣ್ಣದ ಹುಡ್ ಅಥವಾ ಒದ್ದೆ ಕೂದಲು. ಅರ್ಧ ಮೀಟರ್ ಅಲೆ ಇದ್ದರೂ ಸಾಕು, ತಲೆ ಅರ್ಧ ಹೊತ್ತು ಅಲೆಯ ಹಿಂದೆಯೇ ಇರುತ್ತದೆ. ಬಿಸಿಲು ಎದುರಿಗಿದ್ದರೆ ಇನ್ನೂ ಕಷ್ಟ. ಕೆಲವು ನೂರು ಮೀಟರ್ ಆಚೆ ಬರಿಗಣ್ಣಿಗೆ ಸಿಗುವುದೇ ಇಲ್ಲ. ಡೈವರ್‌ಗೆ ದೋಣಿ ಕಾಣುತ್ತಿರುತ್ತದೆ, ಕೂಗುತ್ತಿರುತ್ತಾನೆ. ದೋಣಿಯವನಿಗೆ ಇಂಜಿನ್ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ನೀರಿನಲ್ಲಿ ಇದಕ್ಕಿಂತ ದೊಡ್ಡ ಒಂಟಿತನ ಇರಲಾರದು.

ಇದಕ್ಕೆ ಪರಿಹಾರ ಕಂಡುಹಿಡಿದು ಎಷ್ಟೋ ಕಾಲವಾಗಿದೆ. ಕಿತ್ತಳೆ ಅಥವಾ ಹಳದಿ ಬಣ್ಣದ, ಗಾಳಿ ತುಂಬಿದರೆ ಆಳೆತ್ತರ ನಿಲ್ಲುವ ಉದ್ದನೆಯ ಟ್ಯೂಬ್. ಹೆಸರು ಸರ್ಫೇಸ್ ಮಾರ್ಕರ್ ಬಾಯ್, ಡೈವರ್‌ಗಳ ಬಾಯಲ್ಲಿ ಸಾಸೇಜ್. ಮಡಚಿದರೆ ಜೇಬಿನಲ್ಲಿ ಹಿಡಿಯುತ್ತದೆ. ಜೊತೆಗೊಂದು ಸೀಟಿ, ಸಣ್ಣ ಕನ್ನಡಿ, ಟಾರ್ಚ್. ಒಂದು ರಾತ್ರಿ ಹೋಟೆಲಿನಲ್ಲಿ ಉಳಿಯುವ ದುಡ್ಡಿನಲ್ಲಿ ಇಷ್ಟೂ ಬರುತ್ತದೆ. ಆದರೂ ಬಾಡಿಗೆಗೆ ಕೊಡುವ ಸಾಮಾನಿನಲ್ಲಿ ವೆಟ್‌ಸೂಟ್, ಫಿನ್, ಮಾಸ್ಕ್, ಉಸಿರಾಡುವ ರೆಗ್ಯುಲೇಟರ್ ಎಲ್ಲ ಇದ್ದು ಇದೊಂದು ಇಲ್ಲದ ಕಡೆಗಳಿವೆ. ಇದ್ದರೂ ಇನ್‌ಸ್ಟ್ರಕ್ಟರ್ ಹತ್ತಿರ ಒಂದೇ ಒಂದು. ಅವರಿಂದ ಬೇರೆಯಾದವರ ಗತಿ ಏನು?

ತರಬೇತಿ ಡೈವ್ ಎನ್ನುವ ಮಾತಿಗೆ ಬರುತ್ತೇನೆ. ತರಬೇತಿ ಅಂದ ಕೂಡಲೇ ಮನೆಯವರಿಗೆ ಧೈರ್ಯ ಬರುತ್ತದೆ. ಟೀಚರ್ ಇದ್ದಾರಲ್ಲ ಅಂತ. ನನಗೆ ಉಲ್ಟಾ ಅನಿಸುತ್ತದೆ. ಸುಮ್ನೆ ಮೋಜಿಗೆ ಹೋದ ನಾಲ್ವರು ಅನುಭವಿಗಳಲ್ಲಿ ಎಂಟು ಕಣ್ಣು ನೀರನ್ನು ನೋಡುತ್ತಿರುತ್ತವೆ. ತರಬೇತಿಯಲ್ಲಿ ಇನ್‌ಸ್ಟ್ರಕ್ಟರ್ ಕಣ್ಣು ವಿದ್ಯಾರ್ಥಿಗಳ ಮೇಲೆ. ಒಬ್ಬನ ಮಾಸ್ಕಿಗೆ ನೀರು ನುಗ್ಗಿರುತ್ತದೆ, ಇನ್ನೊಬ್ಬ ಬೇಡ ಅಂದರೂ ಮೇಲೇರುತ್ತಿರುತ್ತಾನೆ, ಮತ್ತೊಬ್ಬಳ ಗಾಳಿ ಅರ್ಧಕ್ಕಿಳಿದಿರುತ್ತದೆ. ವಿದ್ಯಾರ್ಥಿಗಳ ಕಣ್ಣು ಇನ್‌ಸ್ಟ್ರಕ್ಟರ್ ಮೇಲೆ ಅಥವಾ ಅವರದೇ ಮೀಟರಿನ ಮೇಲೆ. ದಿಕ್ಸೂಚಿ ಹಿಡಿದು ಚೌಕಾಕಾರದಲ್ಲಿ ಈಜುವ ಪಾಠ ನಡೆಯುವಾಗ ಇಡೀ ಗುಂಪೇ ಮೆಲ್ಲಗೆ ಒಂದು ಕಡೆ ಸರಿಯುತ್ತಿದ್ದರೂ ತಿಳಿಯುವುದಿಲ್ಲ. ತಳ ಕಾಣದಷ್ಟು ನೀರು ಕದಡಿದ್ದರೆ ಸೆಳೆತ ಇದೆಯೆಂದು ಮೈಗೆ ಗೊತ್ತೇ ಆಗುವುದಿಲ್ಲ, ನಾವೂ ಅದರ ಜೊತೆಗೇ ಹೋಗುತ್ತಿರುತ್ತೇವಲ್ಲ. ಅಪಾಯ ಬಂದರೆ ನಿಭಾಯಿಸಲು ಬಲ್ಲವರು ಒಬ್ಬರು, ಅವರ ಎರಡೂ ಕೈಗೆ ಆಗಲೇ ಕೆಲಸ. ಇಂಥ ಡೈವಿಗೆ ಮೇಲಿನ ದೋಣಿ ಎಲ್ಲಕ್ಕಿಂತ ಗಟ್ಟಿಯಾಗಿರಬೇಕು.

ದೋಣಿಯವನೊಬ್ಬನನ್ನೇ ಕೆಟ್ಟವನು ಮಾಡುವುದು ನನ್ನ ಉದ್ದೇಶವಲ್ಲ. ನಶೆ ಒಂದು ಅತಿರೇಕ. ನಶೆ ಇಲ್ಲದೆಯೂ ಜನ ಕಳೆದುಹೋಗಿದ್ದಾರೆ. 2014ರ ಫೆಬ್ರವರಿಯಲ್ಲಿ ಬಾಲಿ ದ್ವೀಪದ ಹತ್ತಿರ, ನುಸಾ ಲೆಂಬೊಂಗನ್ ಬಳಿ, ಏಳು ಮಂದಿ ಜಪಾನಿ ಮಹಿಳೆಯರು ಡ್ರಿಫ್ಟ್ ಡೈವಿಗೆ ಇಳಿದರು. ಜೋರು ಮಳೆ ಹೊಡೆಯಿತು. ದೋಣಿಯವನು ಸ್ವಲ್ಪ ಹೊತ್ತು ಹಿಂಬಾಲಿಸಿದ್ದ, ಆಮೇಲೆ ಕಾಣದಾದರು, ಹುಡುಕಿದ, ಕೊನೆಗೆ ಇಂಧನ ತುಂಬಿಸಲು ಹೋದ. ಐವರು ಮೂರು ದಿನ ಕಳೆದ ಮೇಲೆ ಬದುಕಿ ಸಿಕ್ಕರು. ಇಬ್ಬರು ಬದುಕಲಿಲ್ಲ. ಅಲ್ಲಿ ಬೇಕಿದ್ದದ್ದು ಏನು? ಟ್ಯಾಂಕಿನಲ್ಲಿ ಸಾಕಷ್ಟು ಇಂಧನ, ರೇಡಿಯೊ, ಕರೆದರೆ ಬರುವ ಇನ್ನೊಂದು ದೋಣಿ.

ಇನ್ನೂ ಹಳೆಯದು 1998ರ ಜನವರಿಯ ಆಸ್ಟ್ರೇಲಿಯಾದ ಪ್ರಕರಣ. ಅಲ್ಲಿ ಸೆಳೆತದ ಮಾತೂ ಬೇಡ. ಗ್ರೇಟ್ ಬ್ಯಾರಿಯರ್ ರೀಫಿಗೆ ಪ್ರವಾಸಿಗರನ್ನು ಕರೆದೊಯ್ದ ದೋಣಿ ಅಮೆರಿಕದ ಗಂಡ-ಹೆಂಡತಿಯನ್ನು ನೀರಿನಲ್ಲೇ ಬಿಟ್ಟು ದಡಕ್ಕೆ ಬಂತು. ತಲೆ ಎಣಿಸಿದ್ದು ತಪ್ಪಾಗಿತ್ತು. ಅವರಿಲ್ಲ ಎಂದು ಗೊತ್ತಾಗಿದ್ದು ಎರಡು ದಿನದ ಮೇಲೆ, ಅವರ ಬ್ಯಾಗು ದೋಣಿಯಲ್ಲೇ ಉಳಿದಿದ್ದು ನೋಡಿ. ಇಬ್ಬರ ದೇಹವೂ ಸಿಗಲಿಲ್ಲ. ದೋಣಿಯವನ ಮೇಲೆ ಕೇಸಾಗಿ ಖುಲಾಸೆಯೂ ಆಯಿತು. ಆದರೆ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಸುಮ್ಮನೆ ಕೂರಲಿಲ್ಲ. ಯಾರು ನೀರಿಗಿಳಿದರು, ಯಾರು ಹತ್ತಿದರು ಅಂತ ಎಣಿಸಿ ಬರೆದಿಡುವ ನಿಯಮವನ್ನು ಬಿಗಿ ಮಾಡಿತು.

ನಾನು ಹೋದ ಒಂದು ಕಡೆ ವಾಪಸ್ ಹೊರಡುವಾಗ ಯಾರೂ ತಲೆ ಎಣಿಸಲಿಲ್ಲ. ಊಟದ ಪ್ಯಾಕೆಟ್ ಮಾತ್ರ ಎರಡೆರಡು ಸಲ ಎಣಿಸಿದರು. ಒಂದು ಕಡಿಮೆ ಬಿದ್ದಿತ್ತಂತೆ, ಅದಕ್ಕೆ ಹತ್ತು ನಿಮಿಷ ಜಗಳ.

ಹೋಗಲಿ, ನೀವು ಏನು ಮಾಡಬಹುದು ಹೇಳುತ್ತೇನೆ. ದುಡ್ಡು ಕಟ್ಟುವ ಮೊದಲು ಕೇಳಿ. ದೋಣಿ ನಿಮ್ಮದೇ ಆದರೆ ಓಡಿಸುವವರು ಎಷ್ಟು ಕಾಲದಿಂದ ಈ ಜಾಗದಲ್ಲಿದ್ದಾರೆ? ಬಾಡಿಗೆಯದ್ದಾದರೆ ಅವತ್ತು ಬರುವವರು ಯಾರು? ನಾವು ಕೆಳಗಿರುವಾಗ ದೋಣಿಯಲ್ಲಿ ಒಬ್ಬರೇ ಇರುತ್ತಾರಾ, ನೀರನ್ನೇ ನೋಡುತ್ತಾ ಕೂರಲು ಇನ್ನೊಬ್ಬರು ಇದ್ದಾರಾ? ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಹಡಗುಗಳು ಬಳಸುವ ವಿಎಚ್‌ಎಫ್ ರೇಡಿಯೊ ಇದೆಯಾ? ಚಾನೆಲ್ 16ರಲ್ಲಿ ಅಪಾಯದ ಕರೆ ಕೊಟ್ಟರೆ ಆಸುಪಾಸಿನಲ್ಲಿರುವ ಯಾವ ದೇಶದ ಹಡಗಾದರೂ ಕೇಳಿಸಿಕೊಳ್ಳುತ್ತದೆ. ಪ್ರತಿಯೊಬ್ಬರಿಗೂ ಸಾಸೇಜ್ ಮತ್ತು ಸೀಟಿ ಕೊಡ್ತೀರಾ? ಇಷ್ಟು ಕೇಳಿದರೆ ಒಳ್ಳೆಯ ಅಂಗಡಿಯವರು ಖುಷಿಪಡುತ್ತಾರೆ. ಇಂಥ ಗಿರಾಕಿ ಅವರಿಗೆ ಅಪರೂಪ. ಮುಖ ಸಿಂಡರಿಸಿದರೆ ಪಕ್ಕದ ಅಂಗಡಿಗೆ ನಡೆಯಿರಿ.

ನೀರಿಗಿಳಿಯುವ ಬೆಳಿಗ್ಗೆ ದೋಣಿಯವನ ಹತ್ತಿರ ಎರಡು ಮಾತಾಡಿ. ಭಾಷೆ ಬರದಿದ್ದರೂ ಪರವಾಗಿಲ್ಲ. ಕಣ್ಣು ನೋಡಿದರೆ, ಮಾತು ಕೇಳಿದರೆ ಕುಡಿದಿದ್ದಾನಾ, ನಿದ್ದೆಗೆಟ್ಟಿದ್ದಾನಾ ಗೊತ್ತಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಉಬ್ಬರ ಇಳಿತ ದೊಡ್ಡದು, ಸೆಳೆತವೂ ಜಾಸ್ತಿ. ಕೋರ್ಸಿನ ದಿನಾಂಕ ಗೊತ್ತು ಮಾಡುವ ಮೊದಲು ಪಂಚಾಂಗ ನೋಡಿದರೆ ಯಾರೂ ನಗಬಾರದು. ಇದು ಮುಹೂರ್ತವಲ್ಲ, ನೀರಿನ ಲೆಕ್ಕ. ಉಬ್ಬರ ತಿರುಗುವ ಹೊತ್ತಿಗೆ ನೀರು ಸ್ವಲ್ಪ ಕಾಲ ನಿಲ್ಲುತ್ತದೆ. ಪಾಠಕ್ಕೆ ಆ ಹೊತ್ತೇ ಸರಿ. ಅವತ್ತು ನೀರು ಓಡುತ್ತಿದೆ ಅನಿಸಿದರೆ ಬೇಡ ಅನ್ನಿ. ದುಡ್ಡು ವಾಪಸ್ ಬರಲಿಲ್ಲ ಅಂದರೆ ಹೋಗಲಿ ಬಿಡಿ.

ಇಷ್ಟೆಲ್ಲ ಮಾಡಿಯೂ ಮೇಲೆ ಬಂದಾಗ ದೋಣಿ ಕಾಣದಿದ್ದರೆ? ಮೈಮೇಲಿನ ತೇಲಿಸುವ ಜಾಕೆಟ್ಟಿಗೆ ಗಾಳಿ ತುಂಬಿ. ಮುಳುಗಲೆಂದು ಸೊಂಟಕ್ಕೆ ಕಟ್ಟಿದ ತೂಕ ಬಿಚ್ಚಿ ಎಸೆಯಿರಿ, ಅದರ ಬೆಲೆ ಯೋಚಿಸಬೇಡಿ. ಒಬ್ಬರನ್ನೊಬ್ಬರು ಹಿಡಿದುಕೊಳ್ಳಿ. ಸಾಧ್ಯವಾದರೆ ಜಾಕೆಟ್ಟಿನ ಪಟ್ಟಿಗಳನ್ನು ಒಂದಕ್ಕೊಂದು ಕಟ್ಟಿಕೊಳ್ಳಿ. ನಾಲ್ಕು ತಲೆ ಒಟ್ಟಿಗಿದ್ದರೆ ಮೇಲಿನಿಂದ ಹುಡುಕುವವರಿಗೆ ಕಾಣುವ ಸಾಧ್ಯತೆ ಹೆಚ್ಚು, ಮೈ ಬಿಸಿಯೂ ಉಳಿಯುತ್ತದೆ. ಉಷ್ಣವಲಯದ ನೀರು ಬೆಚ್ಚಗಿದೆ ಅಂತ ನಂಬಬೇಡಿ, ಗಾಳಿಗಿಂತ ನೀರು ಎಷ್ಟೋ ಪಟ್ಟು ಬೇಗ ಮೈಯ ಶಾಖ ಎಳೆಯುತ್ತದೆ. ಹಾಗಾಗಿ ವೆಟ್‌ಸೂಟ್ ಬಿಚ್ಚಬೇಡಿ. ಸಮುದ್ರದ ನೀರು ಕುಡಿಯಬೇಡಿ. ದೂರದ ದ್ವೀಪ ಕಂಡಿತು ಅಂತ ಸೆಳೆತಕ್ಕೆ ಎದುರಾಗಿ ಈಜಬೇಡಿ, ಅಡ್ಡಲಾಗಿ ಓರೆಯಲ್ಲಿ ಈಜಿ. 2008ರಲ್ಲಿ ಇಂಡೊನೇಷ್ಯಾದ ಕೊಮೊಡೊ ಬಳಿ ಹೀಗೇ ತೇಲಿಹೋದ ಐವರು ಯುರೋಪಿಯನ್ನರು ಒಂದು ದ್ವೀಪ ಮುಟ್ಟಿ ಎರಡು ದಿನ ಚಿಪ್ಪುಮೀನು ತಿಂದು ಬದುಕಿದರು. ದಡದಲ್ಲಿ ಅವರನ್ನು ಎದುರುಗೊಂಡದ್ದು ಕೊಮೊಡೊ ಡ್ರ್ಯಾಗನ್, ಅದಕ್ಕೂ ಕಲ್ಲು ಹೊಡೆದು ಓಡಿಸಬೇಕಾಯಿತು. ಐವರೂ ಮನೆ ಸೇರಿದರು. ಕೊನೆಯವರೆಗೂ ಒಟ್ಟಿಗಿದ್ದರು ಅನ್ನುವುದನ್ನು ಗಮನಿಸಿ.

ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಹತ್ತು ವರ್ಷ ತುಂಬಿದರೆ ಮಕ್ಕಳಿಗೂ ಜೂನಿಯರ್ ಕೋರ್ಸ್ ಕೊಡುತ್ತಾರೆ. ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ, ಹೆದರುವುದೂ ಕಡಿಮೆ. ಕಳಿಸಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಅವರ ಮೈಯಲ್ಲಿ ಕೊಬ್ಬು ಕಡಿಮೆ, ಬೇಗ ತಣ್ಣಗಾಗುತ್ತಾರೆ, ಬೇಗ ಸುಸ್ತಾಗುತ್ತಾರೆ. ಮರ್ಸಿಂಗ್‌ನಲ್ಲಿ ನಲವತ್ತಾರರ ಅಪ್ಪ ಉಳಿದ, ಹದಿನಾಲ್ಕರ ಮಗ ಉಳಿಯಲಿಲ್ಲ. ಮಕ್ಕಳ ಮೊದಲ ಡೈವ್‌ಗಳು ದಡದ ಹತ್ತಿರ, ಕೊಲ್ಲಿಯ ಒಳಗಿನ ನಿಂತ ನೀರಿನಲ್ಲೇ ಆಗಲಿ.

ಇನ್ನು ನಮ್ಮ ಅಧಿಕಾರಿಗಳಿಗೆ. ಉತ್ತರ ಕನ್ನಡ ಜಿಲ್ಲಾಡಳಿತಕ್ಕೆ, ಪ್ರವಾಸೋದ್ಯಮ ಇಲಾಖೆಗೆ.

ನೇತ್ರಾಣಿ ಮುರ್ಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್. ಮರ್ಸಿಂಗ್‌ನಿಂದ ಆ ಪುಟ್ಟ ದ್ವೀಪ ಎಷ್ಟು ದೂರವೋ ಅದಕ್ಕಿಂತ ಸ್ವಲ್ಪ ಜಾಸ್ತಿಯೇ. ಎರಡೂ ಕಡೆ ಸಮುದ್ರದ ನಡುವೆ ಒಂದು ಬಂಡೆ ದ್ವೀಪ. ಅಲ್ಲಿಗೆ ಹೋಗುವವರಲ್ಲಿ ಬಹಳ ಜನ ಜೀವಮಾನದಲ್ಲೇ ಮೊದಲ ಸಲ ನೀರಿಗಿಳಿಯುವವರು, ಈಜು ಬಾರದವರೂ ಇರುತ್ತಾರೆ. ಅಲ್ಲಿ ಕೆಲಸ ಮಾಡುವ ಡೈವರ್‌ಗಳ, ದೋಣಿಯವರ ಜಾಣ್ಮೆಯ ಬಗ್ಗೆ ನನಗೆ ಗೌರವವಿದೆ. ಕರಾವಳಿಯ ಮೀನುಗಾರರಿಗೆ ಸೆಳೆತದ ಪಾಠ ನಾನು ಹೇಳಬೇಕಾಗಿಲ್ಲ. ಆದರೆ ಒಬ್ಬರ ಜಾಣ್ಮೆಯನ್ನು ನಂಬಿ ಕೂರುವುದು ವ್ಯವಸ್ಥೆಯಲ್ಲ. ಅವರು ರಜೆ ಹಾಕಿದ ದಿನ ಬರುವ ಹೊಸ ಹುಡುಗನಿಗೂ ಅದೇ ನಿಯಮ ಇರಬೇಕು.

ಮರ್ಸಿಂಗ್‌ನಲ್ಲಿ ಜೀವ ಹೋದ ಮೇಲೆ ಡೈವಿಂಗ್ ನಿಲ್ಲಿಸಿದರು. ನಮ್ಮಲ್ಲೂ ಅದೇ. 2024ರ ಡಿಸೆಂಬರಿನಲ್ಲಿ ಮುಳಬಾಗಿಲಿನಿಂದ ಪ್ರವಾಸ ಬಂದ ನಾಲ್ವರು ಶಾಲಾ ಹುಡುಗಿಯರು ಮುರ್ಡೇಶ್ವರದ ದಡದಲ್ಲಿ ನೀರುಪಾಲಾದರು. ಆಮೇಲೆ ಬೀಚ್ ಮುಚ್ಚಿದರು. ಮುಚ್ಚುವುದು ಸುಲಭ. ಮೀನುಗಾರಿಕೆ ಕುಂದಿ ಪ್ರವಾಸಿಗರನ್ನೇ ನಂಬಿದ ಮನೆಗಳ ಸಂಪಾದನೆ ಅದರಿಂದ ನಿಲ್ಲುತ್ತದೆ, ಮತ್ತೆ ತೆರೆದಾಗ ಎಲ್ಲ ಮೊದಲಿನಂತೆಯೇ ಇರುತ್ತದೆ. ನನಗೆ ನೇತ್ರಾಣಿ ಮುಚ್ಚುವುದು ಬೇಡ.

ಕೇಳುವುದು ಸ್ವಲ್ಪವೇ. ಡೈವಿಗೆ ಹೋಗುವ ಪ್ರತಿ ದೋಣಿಯಲ್ಲೂ ಕೆಲಸ ಮಾಡುವ ರೇಡಿಯೊ ಇರಲಿ, ಓಡಿಸುವವರ ಜೊತೆ ನೀರು ಕಾಯಲೆಂದೇ ಇನ್ನೊಬ್ಬರು ಇರಲಿ. ಹೊರಡುವಾಗ, ಪ್ರತಿ ಡೈವಿನ ಮೇಲೆ, ವಾಪಸ್ ತಿರುಗುವ ಮೊದಲು ಹೆಸರು ಕೂಗಿ ಪುಸ್ತಕದಲ್ಲಿ ಬರೆಯಲಿ. ನೀರಿಗಿಳಿಯುವ ಪ್ರತಿಯೊಬ್ಬರ ಜಾಕೆಟ್ಟಿನಲ್ಲೂ ಸಾಸೇಜ್, ಸೀಟಿ ಇರಲಿ. ಬಸ್ ಡ್ರೈವರುಗಳಿಗೆ ಊದಿಸುವ ಯಂತ್ರ ದೋಣಿ ಹೊರಡುವ ಜಾಗಕ್ಕೂ ಬರಲಿ. ಈ ನಿಯಮಗಳನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ದಡದಲ್ಲೇ ಬರೆದು ಹಾಕಿ, ಕೆಳಗೆ ಕೋಸ್ಟ್ ಗಾರ್ಡ್ ಸಹಾಯವಾಣಿ 1554 ಇರಲಿ. ಗಿರಾಕಿಯ ಕಣ್ಣಿಗೆ ಬಿದ್ದ ನಿಯಮವನ್ನು ಅಂಗಡಿಯವರು ಮುರಿಯುವುದು ಕಷ್ಟ, ಫೈಲಿನಲ್ಲಿರುವುದನ್ನು ಮುರಿಯುವುದು ಸುಲಭ.

ವರ್ಷಕ್ಕೊಮ್ಮೆ ಹೇಳದೆ ಕೇಳದೆ ಒಂದು ಪರೀಕ್ಷೆಯೂ ನಡೆಯಲಿ. ದ್ವೀಪದ ಮೂಲೆಯಲ್ಲಿ ಮನುಷ್ಯನಷ್ಟು ತೂಕದ ಗೊಂಬೆಯನ್ನು ಸೆಳೆತಕ್ಕೆ ಬಿಟ್ಟು, ಇಪ್ಪತ್ತು ನಿಮಿಷ ಬಿಟ್ಟು ದೋಣಿಯವರಿಗೆ ಹುಡುಕಲು ಹೇಳಿ. ಸಾಸೇಜ್ ಕಟ್ಟಿದ ಗೊಂಬೆ ಎಷ್ಟು ಹೊತ್ತಿಗೆ ಸಿಗುತ್ತದೆ, ಕಟ್ಟದ್ದು ಎಷ್ಟು ಹೊತ್ತಿಗೆ ಸಿಗುತ್ತದೆ, ಬರೆದುಕೊಳ್ಳಿ. ಆ ಎರಡು ಅಂಕಿಗಳನ್ನು ನೋಡಿದ ಮೇಲೆ ಯಾವ ದೋಣಿಯವರಿಗೂ ಭಾಷಣ ಮಾಡಬೇಕಾಗುವುದಿಲ್ಲ.

ಇದನ್ನೆಲ್ಲ ದಯವಿಟ್ಟು ಮಳೆಗಾಲದಲ್ಲೇ, ದೋಣಿಗಳು ದಡದಲ್ಲಿರುವಾಗಲೇ ಮಾಡಿಬಿಡಿ. ಅಕ್ಟೋಬರ್ ಬಂದ ಮೇಲೆ ಹೇಳಿದರೆ ಎಲ್ಲರೂ ಬುಕ್ಕಿಂಗ್ ತೋರಿಸುತ್ತಾರೆ.

ಇಂತಿ ನಿಮ್ಮ,
ಒಬ್ಬ ಹವ್ಯಾಸಿ ಡೈವರ್
ಬೆಂಗಳೂರು